ಜರ್ಕ್ ಮಸಾಲೆ ಪುಡಿ: ಜಮೈಕಾದ ಬೆಟ್ಟದಿಂದ ಮನೆಯ ಡಬ್ಬಿಗೆ

2018ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಒಂದು ಅನ್ನದ ಪ್ಯಾಕೆಟ್ ದೊಡ್ಡ ಜಗಳ ಎಬ್ಬಿಸಿತು. ಹೆಸರಾಂತ ಬಾಣಸಿಗ ಜೇಮಿ ಆಲಿವರ್ ‘ಪಂಚಿ ಜರ್ಕ್ ರೈಸ್’ ಅಂತ ಒಂದು ಸಿದ್ಧ ಅನ್ನ ಮಾರುಕಟ್ಟೆಗೆ ಬಿಟ್ಟಿದ್ದರು. ಜರ್ಕ್ ಅಂದರೆ ಮಾಂಸಕ್ಕೆ ಖಾರದ ಮಸಾಲೆ ಹಚ್ಚಿ ಕೆಂಡ, ಹೊಗೆಯಲ್ಲಿ ಬೇಯಿಸುವ ಜಮೈಕಾದ ಅಡುಗೆ. ಜಮೈಕಾ ಮೂಲದ ಸಂಸದೆ ಡಾನ್ ಬಟ್ಲರ್ ಸುಮ್ಮನಿರಲಿಲ್ಲ. ಜರ್ಕ್ ಅಂದರೆ ಏನು ಅಂತ ನಿಮಗೆ ಗೊತ್ತಿದೆಯಾ, ಸರಕು ಮಾರಲು ಮುಂದೆ ಅಂಟಿಸಿಕೊಳ್ಳುವ ಪದ ಅಲ್ಲ ಅದು ಎಂದು ಬಹಿರಂಗವಾಗಿಯೇ ಕೇಳಿದರು. ಜರ್ಕ್‌ಗೆ ಬೇಕಾದ ಮುಖ್ಯ ಮಸಾಲೆಗಳೇ ಅದರಲ್ಲಿ ಇಲ್ಲ ಎಂಬ ಟೀಕೆಯೂ ಬಂತು.

ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಜಗಳದ ನಡುವೆ ಇನ್ನೊಂದು ಮಾತೂ ಆಗಾಗ ಕೇಳಿಬರುತ್ತದೆ: ಪುಡಿ ಹಚ್ಚುವುದು ಅಸಲಿ ಜರ್ಕ್ ಅಲ್ಲ, ಹಸಿ ಮಸಾಲೆ ರುಬ್ಬಿ ನೆನೆಸಿದರೆ ಮಾತ್ರ ಅಸಲಿ ಅಂತ. ಇದನ್ನು ನಾನು ಒಪ್ಪುವುದಿಲ್ಲ. ಇತಿಹಾಸ ನೋಡಿದರೆ ಒಣಗಿಸಿ ಹಚ್ಚುವ ದಾರಿಯೇ ಹಳೆಯದು.

ಜಮೈಕಾದ ಮೂಲನಿವಾಸಿಗಳಾದ ಟೈನೊ ಜನ ಮಾಂಸವನ್ನು ಕಟ್ಟಿಗೆಯ ಅಟ್ಟಣಿಗೆ ಮೇಲಿಟ್ಟು ಹೊಗೆಯಲ್ಲಿ ನಿಧಾನವಾಗಿ ಬೇಯಿಸುತ್ತಿದ್ದರು. ಹಂದಿಗಳನ್ನು ತಂದವರು ಸ್ಪೇನಿನವರು. ಅವು ತಪ್ಪಿಸಿಕೊಂಡು ಕಾಡು ಸೇರಿ ಬೆಳೆದವು. 1655ರಲ್ಲಿ ಇಂಗ್ಲಿಷರು ದ್ವೀಪವನ್ನು ಕಿತ್ತುಕೊಂಡಾಗ, ಸ್ಪೇನಿನವರ ಕೈಕೆಳಗಿದ್ದ ಆಫ್ರಿಕನ್ ಗುಲಾಮರಲ್ಲಿ ಅನೇಕರು ಬೆಟ್ಟ ಹತ್ತಿದರು. ಆಮೇಲೆ ಇಂಗ್ಲಿಷರ ಕಬ್ಬಿನ ತೋಟಗಳಿಂದ ಓಡಿಬಂದವರೂ ಅವರ ಜೊತೆ ಸೇರಿದರು. ಇವರೇ ಮರೂನರು. ಕಾಡುಹಂದಿ, ಕಾಡಿನಲ್ಲೇ ಬೆಳೆಯುವ ಪಿಮೆಂಟೊ (ಆಲ್‌ಸ್ಪೈಸ್) ಮರ, ಖಾರದ ಮೆಣಸಿನಕಾಯಿ. ಇಷ್ಟು ಕೈಗೆ ಸಿಗುತ್ತಿತ್ತು, ಬೆನ್ನಿಗೆ ಸೈನಿಕರು ಬಿದ್ದಿದ್ದರು. ಹೊಗೆ ಕಂಡರೆ ಜಾಗ ಗೊತ್ತಾಗುತ್ತದೆ ಅಂತ ನೆಲದಲ್ಲಿ ಗುಂಡಿ ತೋಡಿ, ಮೇಲೆ ಎಲೆ ಮುಚ್ಚಿ ಬೇಯಿಸುತ್ತಿದ್ದರು ಎಂದು ಮರೂನರು ಇಂದಿಗೂ ಹೇಳುತ್ತಾರೆ.

1687ರಲ್ಲಿ ಜಮೈಕಾಕ್ಕೆ ಹೋದ ವೈದ್ಯ ಹ್ಯಾನ್ಸ್ ಸ್ಲೋನ್ ಬರೆದಿಟ್ಟಿರುವ ವಿವರ ನನಗೆ ಬಹಳ ಮುಖ್ಯ ಅನಿಸುತ್ತದೆ. ಬೇಟೆಯಾಡಿದ ಹಂದಿಯನ್ನು ಸೀಳಿ, ಮೂಳೆ ತೆಗೆದು, ಮಾಂಸಕ್ಕೆ ಒಳಗಿನಿಂದ ಗೀರು ಹಾಕಿ, ಉಪ್ಪು ತುಂಬಿ ಬಿಸಿಲಿಗೆ ಒಡ್ಡುತ್ತಿದ್ದರಂತೆ. ಇದಕ್ಕೇ ಜರ್ಕ್ ಮಾಡುವುದು ಅನ್ನುತ್ತಾರೆ ಎಂದು ಅವನು ಬರೆದಿದ್ದಾನೆ. ಅಲ್ಲಿ ಸೋಯಾ ಸಾಸ್ ಇಲ್ಲ, ವಿನೆಗರ್ ಇಲ್ಲ, ಎಣ್ಣೆ ಇಲ್ಲ. ಗೀರು, ಉಪ್ಪು, ಬಿಸಿಲು ಅಷ್ಟೇ. ಮಾಂಸ ಕೆಡಬಾರದು, ಹೊತ್ತು ತಿರುಗಲು ಬರಬೇಕು, ಅದಕ್ಕೆ ನೀರು ತೆಗೆಯಬೇಕು.

ಈ ಹಂದಿ ಬೇಟೆ ಎಷ್ಟು ದೊಡ್ಡ ವಿಷಯವಾಗಿತ್ತು ಅಂದರೆ, 1739ರಲ್ಲಿ ಮರೂನ್ ನಾಯಕ ಕುಡ್ಜೋ ಜೊತೆ ಬ್ರಿಟಿಷರು ಮಾಡಿಕೊಂಡ ಒಪ್ಪಂದದಲ್ಲೇ ಅದರ ಮಾತು ಬರುತ್ತದೆ. ವಸಾಹತುಗಳಿಂದ ಮೂರು ಮೈಲಿ ದೂರ ಬಿಟ್ಟು ಎಲ್ಲಿ ಬೇಕಾದರೂ ಬೇಟೆಯಾಡಬಹುದು. ಎರಡೂ ಕಡೆಯ ಬೇಟೆಗಾರರು ಎದುರಾದರೆ ಹಂದಿಯನ್ನು ಸಮಪಾಲು ಮಾಡಿಕೊಳ್ಳಬೇಕು. ಹತ್ತಾರು ವರ್ಷ ಹೊಡೆದಾಡಿದವರ ನಡುವಿನ ಶಾಂತಿಪತ್ರದಲ್ಲಿ ಹಂದಿಯ ಪಾಲಿನ ಲೆಕ್ಕ!

ಬೆಟ್ಟದ ಈ ಅಡುಗೆ ರಸ್ತೆಬದಿಗೆ ಇಳಿದದ್ದು ಪೋರ್ಟ್‌ಲ್ಯಾಂಡ್ ಪ್ರಾಂತ್ಯದ ಬಾಸ್ಟನ್ ಬೇ ಕಡೆಯಲ್ಲಿ. ಕೆಂಡದ ಮೇಲೆ ಹಸಿ ಪಿಮೆಂಟೊ ಕೋಲುಗಳನ್ನು ಹಾಸಿ, ಅವುಗಳ ಮೇಲೇ ಮಾಂಸ ಇಟ್ಟು, ತಗಡು ಮುಚ್ಚುತ್ತಾರೆ. ಕೋಳಿ ಬಂದದ್ದು ಹಂದಿಯ ನಂತರ. ಉದ್ದಕ್ಕೆ ಸೀಳಿದ ಎಣ್ಣೆ ಡ್ರಮ್ಮಿನ ಒಲೆ ಬಂದ ಮೇಲೆ ಊರೂರಲ್ಲೂ ಜರ್ಕ್ ಸಿಗತೊಡಗಿತು. ಮಸಾಲೆಯೂ ಬೆಳೆಯಿತು: ಎಳೆ ಈರುಳ್ಳಿ, ಥೈಮ್ ಎಂಬ ಘಮದ ಸೊಪ್ಪು, ಶುಂಠಿ, ಬೆಳ್ಳುಳ್ಳಿ, ಜಾಯಿಕಾಯಿ, ಚಕ್ಕೆ. ಜಮೈಕಾದವರು ಕೆಲಸ ಹುಡುಕಿಕೊಂಡು ಬ್ರಿಟನ್, ಅಮೆರಿಕ, ಕೆನಡಾಕ್ಕೆ ಹೋದಾಗ ರುಚಿಯೂ ಜೊತೆಗೇ ಹೋಯಿತು. ಬಾಟಲಿ, ಡಬ್ಬಿಗಳ ವ್ಯಾಪಾರ ಬೆಳೆದಂತೆ ಹೆಸರಿನ ದುರುಪಯೋಗವೂ ಜಾಸ್ತಿಯಾಯಿತು. ಕೊನೆಗೆ 2015ರಲ್ಲಿ ಜಮೈಕಾ ಸರ್ಕಾರ ತನ್ನ ದೇಶದೊಳಗೆ ‘ಜಮೈಕಾ ಜರ್ಕ್’ಗೆ ಭೌಗೋಳಿಕ ಸೂಚಕ ನೋಂದಣಿ ಮಾಡಿಸಿತು, ನಮ್ಮ ಮೈಸೂರು ಮಲ್ಲಿಗೆಗೆ ಇರುವ ಜಿಐ ಟ್ಯಾಗ್ ಇದೆಯಲ್ಲ, ಅದೇ.

ಹಾಗಾದರೆ ಮನೆಯಲ್ಲಿ ಪುಡಿ ಮಾಡುವಾಗ ಯಾವುದನ್ನು ಬಿಡುವಂತಿಲ್ಲ? ಎರಡೇ. ಮೊದಲನೆಯದು ಪಿಮೆಂಟೊ ಕಾಯಿ, ಅಂದರೆ ಆಲ್‌ಸ್ಪೈಸ್. ನಮ್ಮ ಕರಾವಳಿ, ಮಲೆನಾಡಿನ ಕೆಲವು ತೋಟಗಳಲ್ಲಿ ಸರ್ವಸಾಂಬಾರ ಅಂತ ಬೆಳೆಸುತ್ತಾರಲ್ಲ, ಪಲಾವಿಗೆ ಎಲೆ ಹಾಕುತ್ತಾರಲ್ಲ, ಅದೇ ಮರ. ಲವಂಗದಲ್ಲಿರುವ ಯೂಜಿನಾಲ್ ಇದರಲ್ಲೂ ಇದೆ, ಹಾಗಾಗಿ ಲವಂಗದ ವಾಸನೆ ಮುಂದೆ ಬರುತ್ತದೆ. ಎರಡನೆಯದು ಸ್ಕಾಚ್ ಬಾನೆಟ್ ಮೆಣಸಿನಕಾಯಿ. ಇದರ ಖಾರಕ್ಕೆ ಗುಂಟೂರು ಮೆಣಸಿನಕಾಯಿಯೂ ಸಾಟಿಯಲ್ಲ, ಬ್ಯಾಡಗಿ ಬಣ್ಣ ಕೊಡುತ್ತದೆ ಅಷ್ಟೇ, ಹಣ್ಣಿನಂಥ ಘಮ ಎರಡರಲ್ಲೂ ಇಲ್ಲ. ಹತ್ತಿರದ ನೆಂಟ ಅಂದರೆ ಈಶಾನ್ಯದ ಭೂತ್ ಜೊಲೊಕಿಯಾ. ಆದರೆ ಅದರ ಖಾರ ಇನ್ನೂ ಜಾಸ್ತಿ, ಚಿಟಿಕೆ ಪುಡಿ ಸಾಕು, ಉಳಿದದ್ದಕ್ಕೆ ಗುಂಟೂರು ಹಾಕಿ.

ಒಂದೂವರೆ ಕಿಲೋ ಕೋಳಿಗೆ ನಾನು ಹಾಕುವ ಅಳತೆ ಹೀಗಿದೆ. ಆಲ್‌ಸ್ಪೈಸ್ ಕಾಳು ದೊಡ್ಡ ಚಮಚ ಒಂದು. ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಮಾತ್ರ ಬೆಚ್ಚಗೆ ಮಾಡಿ, ಆರಿದ ಮೇಲೆ ಪುಡಿ ಮಾಡಿ. ಅದಕ್ಕೆ ಒಣ ಥೈಮ್ ಒಂದು ದೊಡ್ಡ ಚಮಚ, ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ ಎರಡೆರಡು ಸಣ್ಣ ಚಮಚ, ಕಾಳುಮೆಣಸು ಮತ್ತು ಒಣಶುಂಠಿ ಒಂದೊಂದು, ಚಕ್ಕೆ, ಜಾಯಿಕಾಯಿ ಅರ್ಧರ್ಧ, ಮೆಣಸಿನಪುಡಿ ಒಂದೆರಡು, ಉಪ್ಪು ಮೂರು, ಕಂದು ಸಕ್ಕರೆ ಎರಡು. ಥೈಮ್ ಸಿಗದಿದ್ದರೆ ಕಾಲು ಚಮಚ ಓಂಕಾಳು ಹಾಕಬಹುದು, ಎರಡರ ವಾಸನೆಗೂ ಥೈಮಾಲ್ ಕಾರಣ. ಜಾಸ್ತಿಯಾದರೆ ಮಾತ್ರ ಬೋಂಡಾ ಹಿಟ್ಟಿನ ವಾಸನೆ ಬರುತ್ತದೆ. ಗರಂ ಮಸಾಲೆ ಬೇಡವೇ ಬೇಡ. ಏಲಕ್ಕಿ, ಜೀರಿಗೆ ಬಂದರೆ ರುಚಿ ಬೇರೆ ದಾರಿ ಹಿಡಿಯುತ್ತದೆ.

ಸ್ಲೋನ್ ಹೇಳಿದ ಆ ಗೀರುಗಳನ್ನು ಮರೆಯಬೇಡಿ. ಕೋಳಿಯ ತೊಡೆಗೆ ಮೂಳೆ ತಾಗುವಷ್ಟು ಆಳವಾಗಿ ಗೀರಿ, ನೀರು ಒರೆಸಿ, ಪುಡಿಯನ್ನು ಒಳಗೆಲ್ಲ ತಿಕ್ಕಿ, ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ. ಮೊದಲು ಉಪ್ಪು ಮಾಂಸದ ನೀರನ್ನು ಹೊರಗೆ ಎಳೆಯುತ್ತದೆ, ಆಮೇಲೆ ಆ ನೀರಲ್ಲೇ ಉಪ್ಪು ಕರಗಿ ನಿಧಾನವಾಗಿ ಒಳಗಿಳಿಯುತ್ತದೆ. ಬೇಯಿಸುವಾಗ ಉರಿ ದೂರ ಇರಲಿ, ಸಕ್ಕರೆ ಬೇಗ ಸೀಯುತ್ತದೆ.

ಡಬ್ಬಿಯೊಳಗೆ ತುಂಬಲಾಗದ್ದು ಒಂದಿದೆ, ಪಿಮೆಂಟೊ ಕಟ್ಟಿಗೆಯ ಹೊಗೆ. ಓವನ್ನಿನಲ್ಲಿ ಮಾಡುವವರಿಗೆ ಅದು ಸಿಗುವುದಿಲ್ಲ. ಇದ್ದಿಲ ಒಲೆ ಇರುವವರು ಒಂದು ಹಿಡಿ ಆಲ್‌ಸ್ಪೈಸ್ ಕಾಳು ನೆನೆಸಿ ಕೆಂಡದ ಮೇಲೆ ಎರಚಬಹುದು, ಸ್ವಲ್ಪ ಹತ್ತಿರ ಬರುತ್ತದೆ. ಆದರೆ ತೋಟದಲ್ಲಿ ಸರ್ವಸಾಂಬಾರದ ಮರ ಇರುವ ಮಲೆನಾಡಿನವರಿಗೆ ಇದರ ತಾಪತ್ರಯವೇ ಇಲ್ಲ. ಬಾಸ್ಟನ್ ಬೇಯಲ್ಲಿ ಹಾಸುವ ಕಟ್ಟಿಗೆಯೇ ನಿಮ್ಮ ಹಿತ್ತಲಲ್ಲಿದೆ. ಮುಂದಿನ ಸಲ ಕೊಂಬೆ ಸವರಿದಾಗ ಹೆಬ್ಬೆರಳು ದಪ್ಪದ ಕೋಲುಗಳನ್ನು ಬಿಸಾಡದೆ ಎಲೆ ಸಮೇತ ಎತ್ತಿಟ್ಟುಕೊಳ್ಳಿ, ಹಸಿಯಾಗಿದ್ದಾಗಲೇ ಕೆಂಡದ ಮೇಲೆ ಹಾಸಿ.