ಡಾಟ್ ಆದಮೇಲಿನ ಮೂರಕ್ಷರ: ಇಮೇಲ್ ಅಟ್ಯಾಚ್‌ಮೆಂಟ್‌ಗಳಿಗೆ ತಡೆ ಬಿದ್ದದ್ದು ಹೇಗೆ, ಅದು ಸೋಲುವುದು ಎಲ್ಲಿ

ಜುಲೈ ಕೊನೆಯ ವಾರ ಜಯನಗರದಲ್ಲೋ ರಾಜಾಜಿನಗರದಲ್ಲೋ ಯಾವ ಆಡಿಟರ್ ಆಫೀಸಿಗೆ ಹೋದರೂ ಟಿಡಿಎಸ್ ರಿಟರ್ನ್‌ನ ಗಡಿಬಿಡಿ. ರಿಟರ್ನ್ ತಯಾರಿಸುವ ಆರ್‌ಪಿಯು ಫೋಲ್ಡರನ್ನು ಜಿಪ್ ಮಾಡಿ ಪೀಣ್ಯದ ಕ್ಲೈಂಟ್‌ಗೆ ಮೇಲ್ ಮಾಡಹೊರಟರೆ ಜಿಮೇಲ್ ತೆಗೆದುಕೊಳ್ಳುವುದೇ ಇಲ್ಲ. ಒಳಗೊಂದು .ಜೆಎಆರ್, ಒಂದು .ಬಿಎಟಿ ಫೈಲ್ ಇರುತ್ತವೆ, ಕ್ಲಿಕ್ ಮಾಡಿದರೆ ಪ್ರೋಗ್ರಾಂ ಆಗಿ ಓಡುವಂಥವು. ಎರಡೂ ಜಿಮೇಲ್‌ನ ನಿಷೇಧದ ಪಟ್ಟಿಯಲ್ಲಿವೆ, ಜಿಪ್ಪಿನೊಳಗೆ ಕೂತಿದ್ದರೂ ಬಿಡುವುದಿಲ್ಲ. ಪಕ್ಕದ ಸೀಟಿನಿಂದ ಸಲಹೆ ಬರುತ್ತದೆ: ‘ಪಾಸ್‌ವರ್ಡ್ ಹಾಕಿ ಕಳ್ಸಿ. ಇಲ್ಲಾಂದ್ರೆ ಹೆಸರು ಚೇಂಜ್ ಮಾಡಿ, ಅವ್ರು ಅಲ್ಲಿ ರೀನೇಮ್ ಮಾಡ್ಕೋತಾರೆ.’

ಅಪಾಯದ ಅಟ್ಯಾಚ್‌ಮೆಂಟನ್ನು ಮೇಲ್ ಪ್ರೋಗ್ರಾಂ ತಡೆಯಬೇಕೇ ಎಂಬ ಪ್ರಶ್ನೆಯ ಇಪ್ಪತ್ತೈದು ವರ್ಷದ ಜಗಳವೆಲ್ಲ ಈ ಸಲಹೆಯಲ್ಲೇ ಅಡಗಿದೆ. ತಡೆಯಲೇಬೇಕು, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ತಡೆ ಹಾಕಿದವರು ನ್ಯಾಯವಾದ ಬೇರೆ ದಾರಿ ತೋರಿಸದಿದ್ದರೆ ಜನ ತಾವೇ ಕಳ್ಳದಾರಿ ಮಾಡಿಕೊಳ್ಳುತ್ತಾರೆ. ವೈರಸ್ ಬರೆಯುವವರು ಕಾಯುವುದೂ ಆ ದಾರಿಯನ್ನೇ.

ಮೊದಲಿಗೆ ಇಮೇಲ್ ಬರೀ ಅಕ್ಷರ ಹೊರುವ ವ್ಯವಸ್ಥೆಯಾಗಿತ್ತು. ಚಿತ್ರ, ಧ್ವನಿ, ಪ್ರೋಗ್ರಾಂ ಎಲ್ಲವನ್ನೂ ಹೊರುವ ಶಕ್ತಿ ಬಂದದ್ದು 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಮೈಮ್ ಮಾನದಂಡದಿಂದ. ಫೈಲಿನ ಪ್ರತಿ ಮೂರು ಬೈಟನ್ನು ನಾಲ್ಕು ಅಕ್ಷರವಾಗಿ ಬದಲಿಸಿ ಕಳಿಸುವುದು ಅದರ ಕ್ರಮ. 25 ಎಂಬಿ ಮಿತಿಯ ಮೇಲ್‌ನಲ್ಲಿ ಕೆಲವೊಮ್ಮೆ 20 ಎಂಬಿಯ ಫೈಲೂ ಹಿಡಿಸದಿರುವುದು ಇದರಿಂದಲೇ. ಆ ಮೊದಲ ದಸ್ತಾವೇಜಿನಲ್ಲೇ ಒಂದು ಎಚ್ಚರಿಕೆಯಿತ್ತು: ಪೋಸ್ಟ್‌ಸ್ಕ್ರಿಪ್ಟ್ ಫೈಲ್ ನೋಡಲು ಪುಟವಾದರೂ ಒಳಗೆ ಪ್ರೋಗ್ರಾಂ, ಬಂದದ್ದನ್ನು ಬಂದಹಾಗೆ ಓಡಿಸಬೇಡಿ. ಸಮಸ್ಯೆ ಏನೆಂದು ಅವರಿಗೆ ಗೊತ್ತಿತ್ತು.

ಭಾರತದಲ್ಲಿ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮರುವರ್ಷ ಬ್ರಿಗೇಡ್ ರಸ್ತೆಯ ಕಾಫಿ ಡೇಯಲ್ಲಿ ಕಾಫಿಯ ಜೊತೆ ಇಂಟರ್ನೆಟ್ಟೂ ಸಿಗತೊಡಗಿತು. ಕನ್ನಡದವರಿಗೆ ಅಟ್ಯಾಚ್‌ಮೆಂಟ್ ಕೇವಲ ಅನುಕೂಲವಾಗಿರಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಬರಹ, ನುಡಿ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಹಾಗಾಗಿ ಚಿಕ್ಕಪೇಟೆಯ ಲಗ್ನಪತ್ರಿಕೆ ಅಂಗಡಿಗೆ ಮ್ಯಾಟರ್ ಕಳಿಸುವವರು ಫಾಂಟನ್ನೂ ಜೊತೆಗಿಡಬೇಕಿತ್ತು, ಒಮ್ಮೊಮ್ಮೆ ಸೆಟಪ್ .ಇಎಕ್ಸ್‌ಇ ಫೈಲನ್ನೇ. ಮೇಲ್‌ನಲ್ಲಿ ಬಂದ ಪ್ರೋಗ್ರಾಂ ಮೇಲೆ ಡಬಲ್ ಕ್ಲಿಕ್ ಮಾಡುವುದು ದಿನದ ಕೆಲಸವಾಗಿತ್ತು.

1999ರ ಮಾರ್ಚ್ 26ರಂದು ಮೆಲಿಸ್ಸಾ ವೈರಸ್ ಹೊರಬಿತ್ತು. ಅದು ವರ್ಡ್ ಫೈಲಿನೊಳಗಿನ ಮ್ಯಾಕ್ರೋ, ಅಂದರೆ ಫೈಲಿನ ಜೊತೆಗೇ ಓಡುವ ಪುಟ್ಟ ಪ್ರೋಗ್ರಾಂ. ತೆರೆದವರ ಔಟ್‌ಲುಕ್ (ಮೈಕ್ರೋಸಾಫ್ಟ್‌ನ ಮೇಲ್ ಪ್ರೋಗ್ರಾಂ) ವಿಳಾಸಪುಸ್ತಕದ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಕಳಿಸಿಕೊಳ್ಳುತ್ತಿತ್ತು. ಪರಿಚಿತರಿಂದ ಬಂದ ಮೇಲ್ ಸುರಕ್ಷಿತ ಎಂಬ ನಂಬಿಕೆ ಅಂದಿಗೇ ಮುರಿಯಬೇಕಿತ್ತು. ಮುರಿಯಲಿಲ್ಲ.

2000ದ ಮೇ 4ರ ಗುರುವಾರ ಮನಿಲಾದಿಂದ ಹೊರಟ ‘ಐ ಲವ್ ಯೂ’ ಮೇಲನ್ನು ಹತ್ತಿರದಿಂದ ನೋಡಬೇಕು, ಅದರ ಉಪಾಯ ಇವತ್ತಿಗೂ ನಡೆಯುತ್ತಿದೆ. ಅಟ್ಯಾಚ್‌ಮೆಂಟಿನ ಪೂರ್ತಿ ಹೆಸರು ‘ಲವ್-ಲೆಟರ್-ಫಾರ್-ಯು.ಟಿಎಕ್ಸ್‌ಟಿ.ವಿಬಿಎಸ್’. ವಿಂಡೋಸ್ ತನಗೆ ಗೊತ್ತಿರುವ ಫೈಲ್ ಬಗೆಯ ಕೊನೆಯ ಎಕ್ಸ್‌ಟೆನ್ಷನ್ನನ್ನು, ಅಂದರೆ ಡಾಟ್ ಆದಮೇಲಿನ ಅಕ್ಷರಗಳನ್ನು, ತಾನಾಗಿಯೇ ಮರೆಮಾಡುತ್ತದೆ. ಕೊನೆಯ ‘.ವಿಬಿಎಸ್’ ಮರೆಯಾಗಿ, ನಡುವಿನ ‘.ಟಿಎಕ್ಸ್‌ಟಿ’ ಕೊನೆಗೆ ಬಂದು, ನೋಡಿದವರಿಗೆ ಅದು ಬರೀ ಪಠ್ಯ. ಕ್ಲಿಕ್ ಮಾಡಿದರೆ ಓಡುತ್ತಿದ್ದುದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆಗಳ ಪಟ್ಟಿ. ಅದು ವಿಳಾಸಪುಸ್ತಕದ ಎಲ್ಲರಿಗೂ ಮೇಲ್ ಕಳಿಸಿ, ಡಿಸ್ಕ್‌ನಲ್ಲಿದ್ದ ಜೆಪಿಜಿ ಫೋಟೋಗಳ ಜಾಗದಲ್ಲಿ ತನ್ನ ಪ್ರತಿ ಬರೆಯುತ್ತಿತ್ತು. ಎಕ್ಸ್‌ಟೆನ್ಷನ್ ಮರೆಮಾಡುವ ಆ ಅಭ್ಯಾಸವನ್ನು ವಿಂಡೋಸ್ 11ರಲ್ಲೂ ಬಿಟ್ಟಿಲ್ಲ. ಇದು ನಮಗೆ ಒಪ್ಪಲಾಗದ ಸಂಗತಿ. ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್‌ಗೆ ಟಿಕ್ ಹಾಕಿ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಿದ್ದರೆ ಅದು ಇದೇ ಆಗಲಿ.

ಆ ವೈರಸ್ ಬರೆದವನನ್ನು ಶಿಕ್ಷಿಸಲು ಫಿಲಿಪ್ಪೀನ್ಸ್‌ನಲ್ಲಿ ಆಗ ಕಾನೂನಿರಲಿಲ್ಲ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದದ್ದೂ ಅದೇ ವರ್ಷದ ಅಕ್ಟೋಬರ್ 17ರಂದು. ಬೆಂಗಳೂರಿನ ಸಿಐಡಿಯಲ್ಲಿ ಸೈಬರ್ ಅಪರಾಧ ಠಾಣೆ ಬಂದದ್ದು 2001ರಲ್ಲಿ.

ಕಾನೂನಿಗಿಂತ ಮೊದಲು ಮೈಕ್ರೋಸಾಫ್ಟ್ ಓಡಿತು. 2000ದ ಜೂನ್‌ನಲ್ಲಿ ಔಟ್‌ಲುಕ್ 98 ಮತ್ತು 2000ಕ್ಕೆ ಕೊಟ್ಟ ಅಪ್‌ಡೇಟ್‌ನಲ್ಲಿ ಎರಡು ಪಟ್ಟಿಗಳಿದ್ದವು. ಮೊದಲ ಪಟ್ಟಿಯ .ಇಎಕ್ಸ್‌ಇ, .ಬಿಎಟಿ, .ವಿಬಿಎಸ್, .ಜೆಎಸ್ ಮುಂತಾದವು ಮೇಲ್‌ಬಾಕ್ಸ್‌ನಲ್ಲೇ ಇರುತ್ತಿದ್ದವು, ಕಣ್ಣಿಗೆ ಕಾಣುತ್ತಿರಲಿಲ್ಲ. ಎರಡನೆಯ ಪಟ್ಟಿಯವನ್ನು ಡಿಸ್ಕ್‌ಗೆ ಉಳಿಸಿಕೊಂಡೇ ತೆರೆಯಬೇಕಿತ್ತು. ಮೊದಲ ಪಟ್ಟಿಯನ್ನು ಸಡಿಲಿಸಲು ಆಫೀಸಿನ ಮೇಲ್ ನಡೆಸುವ ಎಕ್ಸ್‌ಚೇಂಜ್ ಸರ್ವರ್ ನೋಡಿಕೊಳ್ಳುವವರಿಗೆ ಮಾತ್ರ ಅವಕಾಶ, ಮನೆಯಲ್ಲಿ ಬಳಸುವವರಿಗೆ ಇಲ್ಲ. ಜೊತೆಗೆ ಬೇರೆ ಪ್ರೋಗ್ರಾಂ ವಿಳಾಸಪುಸ್ತಕ ಮುಟ್ಟಿದರೆ ಎಚ್ಚರಿಕೆ ಬರುತ್ತಿದ್ದುದರಿಂದ ಪಾಮ್‌ಟಾಪ್ ಎಂಬ ಅಂಗೈ ಕಂಪ್ಯೂಟರುಗಳ ಸಿಂಕ್ ಕೆಟ್ಟಿತು. ಆಕ್ಸೆಸ್‌ನ .ಎಂಡಿಬಿ ಡೇಟಾಬೇಸನ್ನು ಮೇಲ್ ಮಾಡುತ್ತಿದ್ದ ಆಫೀಸುಗಳು ಸಿಟ್ಟಾದವು. ಅಪ್‌ಡೇಟೇ ಬೇಡ ಎಂದವರು ಬಹಳ.

ನಿಜವಾದ ಎಡವಟ್ಟಾದದ್ದು ಸೈಬರ್ ಕೆಫೆಗಳಲ್ಲೂ ಮನೆಗಳಲ್ಲೂ ಇದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ 6ರಲ್ಲಿ. ಟೂಲ್ಸ್, ಆಪ್ಷನ್ಸ್, ಸೆಕ್ಯೂರಿಟಿಯಲ್ಲಿ ಒಂದು ಟಿಕ್: ವೈರಸ್ ಇರಬಹುದಾದ ಅಟ್ಯಾಚ್‌ಮೆಂಟ್ ಉಳಿಸಲು, ತೆರೆಯಲು ಬಿಡಬೇಡ. 2002ರ ಸರ್ವಿಸ್ ಪ್ಯಾಕ್ 1ರಿಂದ ಈ ಟಿಕ್ ಮೊದಲೇ ಬಿದ್ದಿರುತ್ತಿತ್ತು. ಯಾವುದು ಅಪಾಯ ಎಂದು ತೀರ್ಮಾನಿಸಲು ಅದು ವಿಂಡೋಸ್‌ನಲ್ಲಿ ‘ಡೌನ್‌ಲೋಡ್ ಆದಮೇಲೆ ಕೇಳಿ ತೆರೆ’ ಎಂದು ಗುರುತಾದ ಫೈಲ್ ಬಗೆಗಳನ್ನೂ ನೋಡುತ್ತಿದ್ದುದರಿಂದ ಕೆಲವು ಕಂಪ್ಯೂಟರುಗಳಲ್ಲಿ ಪಿಡಿಎಫ್, ವರ್ಡ್ ಫೈಲ್‌ಗಳೂ ಬೂದುಬಣ್ಣವಾಗಿ ಕೂತವು. ಒಂದು ಬಗೆಯನ್ನು ಮಾತ್ರ ಬಿಡುವ ಏರ್ಪಾಡು ಅಲ್ಲಿರಲಿಲ್ಲ. ತಡೆದರೆ ಎಲ್ಲವನ್ನೂ, ಬಿಟ್ಟರೆ ಎಲ್ಲವನ್ನೂ. ಮಗಳ ರೆಸ್ಯೂಮೆ ತೆರೆಯಬೇಕಾದವರು ಟಿಕ್ ತೆಗೆದರು, ಮತ್ತೆ ಹಾಕಲಿಲ್ಲ. 2003ರ ಆಗಸ್ಟ್‌ನಲ್ಲಿ ಸೋಬಿಗ್-ಎಫ್ ವರ್ಮ್ (ತಾನಾಗಿಯೇ ಹರಡುವ ವೈರಸ್) .ಪಿಐಎಫ್, .ಎಸ್‌ಸಿಆರ್ ಫೈಲಾಗಿ ಬಂದಾಗ ಆ ಬಾಗಿಲು ತೆರೆದೇ ಇತ್ತು. ಈ ಎರಡು ಬಗೆಯ ಫೈಲನ್ನು ಯಾವ ಮನೆಯವರೂ ಯಾರಿಗೂ ಕಳಿಸಬೇಕಾದ ಪ್ರಸಂಗವೇ ಬರುವುದಿಲ್ಲ. ಬೇಕಾದದ್ದನ್ನೂ ಬೇಡದ್ದನ್ನೂ ಒಂದೇ ಟಿಕ್‌ಗೆ ಕಟ್ಟಿದ್ದರ ಫಲ ಇದು.

2004ರಲ್ಲಿ ಬೇಗಲ್ ವರ್ಮ್ ಆಡಿಟರ್ ಆಫೀಸಿನ ಪಾಸ್‌ವರ್ಡ್ ಉಪಾಯವನ್ನು ಬಳಸಿತು: ಜಿಪ್‌ಗೆ ಪಾಸ್‌ವರ್ಡ್ ಹಾಕಿ, ಅದನ್ನು ಮೇಲ್‌ನಲ್ಲೇ ಬರೆದು ಕಳಿಸಿತು. ಬೀಗದ ಜಿಪ್ಪನ್ನು ಸರ್ವರಿನ ಆ್ಯಂಟಿವೈರಸ್ ತೆರೆಯಲಾರದು. ಆ್ಯಂಟಿವೈರಸ್‌ನವರು ಮೇಲ್‌ನ ಪಠ್ಯದಿಂದ ಪಾಸ್‌ವರ್ಡ್ ಓದಲು ಕಲಿತಾಗ ಬೇಗಲ್ ಅದನ್ನು ಚಿತ್ರವಾಗಿ ಕಳಿಸಿತು. ಮಾಮೂಲಿ ಜಿಪ್‌ನ ಪಾಸ್‌ವರ್ಡ್ ಒಳಗಿನ ವಿಷಯವನ್ನು ಮುಚ್ಚುತ್ತದೆಯೇ ಹೊರತು ಫೈಲ್ ಹೆಸರುಗಳನ್ನಲ್ಲ. ಪಾಸ್‌ವರ್ಡ್ ಹಾಕಿದರೂ ಜಿಮೇಲ್ ‘ಒಳಗೆ .ಇಎಕ್ಸ್‌ಇ ಇದೆ’ ಎಂದು ಕಂಡುಹಿಡಿಯುವುದು ಹೀಗೆ. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಕ್ರೆಡಿಟ್ ಕಾರ್ಡ್ ಬಿಲ್ ಬರುವುದೇ ಪಾಸ್‌ವರ್ಡಿನ ಪಿಡಿಎಫ್ ಆಗಿ. ಹೆಸರಿನ ನಾಲ್ಕಕ್ಷರ, ಹುಟ್ಟಿದ ದಿನ ಹಾಕಿ ತೆರೆಯುತ್ತೇವೆ. ಬೀಗ ಹಾಕಿದ ಅಟ್ಯಾಚ್‌ಮೆಂಟ್ ಎಂದರೆ ಮರ್ಯಾದಸ್ಥರದು ಎಂಬ ಭಾವನೆ ಇದರಿಂದಲೇ ಬೆಳೆದಿದೆ.

ಹೆಸರು ನೋಡಿ ತಡೆಯುವುದರಾಚೆಗೆ ಒಂದು ಒಳ್ಳೆಯ ಹೆಜ್ಜೆ 2004ರ ಆಗಸ್ಟ್‌ನ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಲ್ಲಿ ಬಂತು. ಹೊರಗಿನಿಂದ ಬಂದ ಫೈಲಿಗೆ ಅಂಟಿಕೊಂಡಂತೆ ‘ಜೋನ್ 3’ ಎಂಬ ಗುರುತು ಕೂರುತ್ತದೆ, ಅಂದರೆ ಇಂಟರ್ನೆಟ್‌ನದು. ಮುಂದೆ ಫೈಲನ್ನು ಮೊದಲು ಓದಲು ಮಾತ್ರ ಬಿಡುವ ಆಫೀಸ್ 2010ರ ಪ್ರೊಟೆಕ್ಟೆಡ್ ವ್ಯೂ ನಿಂತದ್ದೂ ಈ ಗುರುತಿನ ಮೇಲೆ. ಇದು ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಕ್ರಮದ ಡಿಸ್ಕ್‌ನಲ್ಲಿ ಮಾತ್ರ ಉಳಿಯುತ್ತದೆ. ಹಳೆಯ ಫ್ಯಾಟ್32 ಕ್ರಮದ ಪೆನ್‌ಡ್ರೈವ್‌ಗೆ ಹಾಕಿ ಇನ್ನೊಂದು ಕಂಪ್ಯೂಟರಿಗೆ ಒಯ್ದರೆ ಗುರುತು ಬಿದ್ದುಹೋಗಿ, ಅಲ್ಲಿ ಆ ಫೈಲ್ ಮನೆಯದೇ ಎಂಬಂತೆ ತೆರೆಯುತ್ತದೆ.

ಮ್ಯಾಕ್ರೋಗಳ ವಿಷಯದಲ್ಲಿ ಮೈಕ್ರೋಸಾಫ್ಟ್ ತೀರಾ ತಡ ಮಾಡಿತು. ‘ಎನೇಬಲ್ ಕಂಟೆಂಟ್’ ಎಂಬ ಹಳದಿ ಪಟ್ಟಿಯ ಬಟನ್ ಒತ್ತಿಸಿಯೇ 2016ರಲ್ಲಿ ಲಾಕಿ, ಆಮೇಲೆ ಇಮೊಟೆಟ್ ಎಂಬ ವೈರಸ್‌ಗಳು ಹಬ್ಬಿದವು. ಇಂಟರ್ನೆಟ್ ಗುರುತಿನ ಫೈಲುಗಳಲ್ಲಿ ಮ್ಯಾಕ್ರೋ ತಡೆಯುತ್ತೇವೆ ಎಂದು ಕಂಪನಿ ಘೋಷಿಸಿದ್ದು 2022ರ ಫೆಬ್ರವರಿಯಲ್ಲಿ. ಜುಲೈನಲ್ಲಿ ಹಿಂದೆ ಸರಿದು, ಅದೇ ತಿಂಗಳ ಕೊನೆಗೆ ಮತ್ತೆ ಜಾರಿ ಮಾಡಿತು. ನಮ್ಮ ಆದಾಯ ತೆರಿಗೆ ರಿಟರ್ನ್‌ನ ಎಕ್ಸೆಲ್ ಯುಟಿಲಿಟಿ, ಜಿಎಸ್‌ಟಿಆರ್-3ಬಿಯ ಯುಟಿಲಿಟಿ ಎರಡೂ ಮ್ಯಾಕ್ರೋ ಮೇಲೆ ನಡೆಯುವಂಥವು. ಈಗ ಇವನ್ನು ತೆರೆದರೆ ಕೆಂಪು ಪಟ್ಟಿ ಬರುತ್ತದೆ. ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಕೆಳಗಿನ ‘ಅನ್‌ಬ್ಲಾಕ್’ಗೆ ಟಿಕ್ ಹಾಕಬೇಕು. ಸರ್ಕಾರದ ಪೋರ್ಟಲ್‌ನಿಂದ ನೀವೇ ಇಳಿಸಿಕೊಂಡ ಫೈಲಿಗೆ ಹಾಗೆ ಮಾಡಿ. ಅದೇ ಯುಟಿಲಿಟಿ ಎಂದು ಮೇಲ್‌ನಲ್ಲಿ ಬಂದದ್ದಕ್ಕೆ, ಕಳಿಸಿದವರು ಯಾರೇ ಆಗಿರಲಿ, ಮಾಡಬೇಡಿ, ಪೋರ್ಟಲ್‌ನಿಂದಲೇ ಇಳಿಸಿಕೊಳ್ಳಿ.

ಮ್ಯಾಕ್ರೋ ದಾರಿ ಮುಚ್ಚಿದ ಕೂಡಲೇ ದಾಳಿಕೋರರು .ಐಎಸ್‌ಒ ಡಿಸ್ಕ್ ಇಮೇಜ್‌ಗೆ (ಇಡೀ ಡಿಸ್ಕನ್ನೇ ಒಂದು ಫೈಲಾಗಿಸಿದ್ದು) ಹೋದರು, ಒಳಗಿನ ಫೈಲಿಗೆ ಜೋನ್ ಗುರುತು ಇಳಿಯುತ್ತಿರಲಿಲ್ಲವಾದ್ದರಿಂದ. 2022ರ ನವೆಂಬರ್‌ನಲ್ಲಿ ಅದೂ ಸರಿಯಾಯಿತು. 2023ರ ಆರಂಭದಲ್ಲಿ ಒನ್‌ನೋಟ್ ಫೈಲುಗಳ ಸರದಿ. ‘ಹೇಗಿದ್ದರೂ ಬೇರೆ ದಾರಿ ಹುಡುಕುತ್ತಾರೆ, ತಡೆದು ಏನು ಪ್ರಯೋಜನ’ ಎನ್ನುವವರು ಇದನ್ನೇ ತೋರಿಸುತ್ತಾರೆ. ಆ ವಾದ ತಪ್ಪು. ಒಂದೇ ಕ್ಲಿಕ್‌ನಲ್ಲಿ ಮುಗಿಯುತ್ತಿದ್ದ ಮೋಸಕ್ಕೆ ಈಗ ಮೂರು ನಾಲ್ಕು ಹೆಜ್ಜೆ ಬೇಕು, ಒಂದೊಂದು ಹೆಜ್ಜೆಯಲ್ಲೂ ಯಾರಿಗಾದರೂ ಅನುಮಾನ ಬರುತ್ತದೆ.

ಆಡಿಟರ್ ಆಫೀಸಿಗೆ ಬೇಕಿರುವ ನ್ಯಾಯವಾದ ದಾರಿ ಹೀಗಿದೆ. ಅಧಿಕೃತ ತಂತ್ರಾಂಶವಾದರೆ ಪೋರ್ಟಲ್‌ನ ಯಾವ ಪುಟದಲ್ಲಿದೆ ಎಂದು ಹೇಳಿ, ಫೈಲ್ ಕಳಿಸಬೇಡಿ. ಸ್ವಂತದ್ದಾದರೆ ಡ್ರೈವ್‌ನಲ್ಲಿಟ್ಟು ಆ ಒಬ್ಬರಿಗೆ ಮಾತ್ರ ಶೇರ್ ಮಾಡಿ. ಎರಡೂ ಕಡೆಯವರು ಪವರ್‌ಶೆಲ್‌ನಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಆಜ್ಞೆಯ ಮುಂದೆ ಫೈಲ್ ಹೆಸರು ಕೊಟ್ಟರೆ 64 ಅಕ್ಷರಗಳ ಒಂದು ಸಾಲು ಬರುತ್ತದೆ. ಫೈಲ್ ಬದಲಾಗದಿದ್ದರೆ ಎರಡೂ ಕಡೆಯ ಸಾಲು ಒಂದೇ. ಫೋನ್ ಮಾಡಿ ಮೊದಲ ಎಂಟು, ಕೊನೆಯ ಎಂಟು ಅಕ್ಷರ ಓದಿ ತಾಳೆ ನೋಡಿ. ಎರಡು ನಿಮಿಷದ ಕೆಲಸ. ಆಫೀಸಿನ ಮೇಲ್ ಗೂಗಲ್ ವರ್ಕ್‌ಸ್ಪೇಸ್‌ನದಾದರೆ ಅಡ್ಮಿನ್ ಕನ್ಸೋಲ್‌ನ ಜಿಮೇಲ್ ಸೇಫ್ಟಿಯಲ್ಲಿ ಅಪರಿಚಿತರಿಂದ ಬರುವ ಬೀಗದ ಅಟ್ಯಾಚ್‌ಮೆಂಟ್, ಸ್ಕ್ರಿಪ್ಟ್ ಇರುವ ಅಟ್ಯಾಚ್‌ಮೆಂಟ್ ಎರಡಕ್ಕೂ ಪ್ರತ್ಯೇಕ ಸ್ವಿಚ್‌ಗಳಿವೆ. ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಅಂದು ಬೇಕಿದ್ದದ್ದು ಇಂಥದ್ದೇ.

ಇಮೇಲ್ ಇಷ್ಟು ಕಲಿಯುವ ಹೊತ್ತಿಗೆ ಲಗ್ನಪತ್ರಿಕೆ ವಾಟ್ಸ್‌ಆ್ಯಪ್‌ಗೆ ಹೋಗಿತ್ತು. ಈಗ ಬೆಂಗಳೂರಿನವರ ಫೋನಿಗೆ ಬರುತ್ತಿರುವುದು ‘ಮದುವೆ ಆಮಂತ್ರಣ.ಎಪಿಕೆ’, ‘ಆರ್‌ಟಿಒ ಚಲನ್.ಎಪಿಕೆ’. ಎಪಿಕೆ ಎಂದರೆ ಆ್ಯಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್. ಜಿಮೇಲ್ .ಎಪಿಕೆಯನ್ನು ಹತ್ತಿರ ಬಿಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಅದು ಡಾಕ್ಯುಮೆಂಟ್ ಆಗಿ ಸಾಗುತ್ತದೆ. ಸಂದೇಶ ಎರಡು ತುದಿಗಳ ನಡುವೆ ಗೂಢಲಿಪಿಯಲ್ಲಿರುವುದರಿಂದ ನಡುವೆ ಸರ್ವರ್ ಒಳಗೆ ನೋಡಲಾರದು, ನಿಜ. ಆದರೆ ಕಳಿಸುವ, ಪಡೆಯುವ ಆ್ಯಪ್‌ಗಳಿಗೆ ಫೈಲಿನ ಹೆಸರು ಕಾಣುತ್ತದೆ. ಔಟ್‌ಲುಕ್ 2000ದಲ್ಲಿ ಮಾಡಿದ್ದನ್ನು ಅಲ್ಲೇ ಮಾಡಬಹುದು, ಮಾಡಬೇಕು. ಅಲ್ಲಿಯತನಕ ನಿಮ್ಮ ತಡೆ ನಿಮ್ಮ ಕೈಯಲ್ಲಿದೆ: ಆ್ಯಂಡ್ರಾಯ್ಡ್ ಸೆಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿ, ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ ಮ್ಯಾನೇಜರ್ ಮೂರಕ್ಕೂ ಅನುಮತಿ ತೆಗೆಯಿರಿ. ಅಪ್ಪ ಅಮ್ಮನ ಫೋನಿನಲ್ಲೂ ತೆಗೆಯಿರಿ.

ಈಗಾಗಲೇ ಇನ್‌ಸ್ಟಾಲ್ ಆಗಿದ್ದರೆ ಮೊದಲು ಏರೋಪ್ಲೇನ್ ಮೋಡ್, ವೈಫೈ ಕೂಡ ಆಫ್. ಇಂಥ ಆ್ಯಪ್‌ಗಳು ಎಸ್‌ಎಂಎಸ್ ಅನುಮತಿ ಪಡೆದು ಒಟಿಪಿಯನ್ನು ಹೊರಗೆ ಕಳಿಸುತ್ತವೆ, ಆ ಹರಿವು ಮೊದಲು ನಿಲ್ಲಬೇಕು. ಬೇರೊಂದು ಫೋನಿನಿಂದ ಬ್ಯಾಂಕಿಗೆ, ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ್ಯಪ್ ತೆಗೆಯುವ ಬಟನ್ ಒತ್ತಲು ಬಾರದಿದ್ದರೆ ಅದು ಡಿವೈಸ್ ಅಡ್ಮಿನ್ ಆಗಿ ಕೂತಿದೆ ಎಂದರ್ಥ; ಸೆಕ್ಯೂರಿಟಿ ಸೆಟಿಂಗ್ಸ್‌ನಲ್ಲಿ ಆ ಅಧಿಕಾರ ಕಿತ್ತು, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಆ ಎಪಿಕೆ ಬಂದ ಸಂದೇಶವನ್ನು ಮಾತ್ರ ಅಳಿಸಬೇಡಿ, ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ದೂರು ಕೊಡುವಾಗ ಅದು ಬೇಕಾಗುತ್ತದೆ.