ಸಂಬಳದ ರಜೆ ಇಲ್ಲದ ಕಾಲದಲ್ಲಿ ಗಿರಣಿ ಕಾರ್ಮಿಕರು ಸಮುದ್ರಕ್ಕೆ ಹೋಗಿದ್ದು ಹೇಗೆ?

ಪ್ರಶ್ನೆ: 1900ರ ಆಸುಪಾಸಿನ ಫೋಟೊಗಳಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಕಡಲತೀರದ ತುಂಬಾ ಜನವೋ ಜನ. ಅವರಲ್ಲಿ ಬಹಳಷ್ಟು ಮಂದಿ ಗಿರಣಿ ಕಾರ್ಮಿಕರಂತೆ. ರಜೆಗೆ ಸಂಬಳವೇ ಇಲ್ಲದಿದ್ದಾಗ ದುಡ್ಡು ಎಲ್ಲಿಂದ ಬರುತ್ತಿತ್ತು?

ಉತ್ತರ: ಅವರದೇ ಜೇಬಿನಿಂದ. ವರ್ಷವಿಡೀ ವಾರ ವಾರ ಕೂಡಿಟ್ಟ ಚಿಲ್ಲರೆ ಕಾಸು ಅದು.

ವಾಯವ್ಯ ಇಂಗ್ಲೆಂಡಿನ ಲಂಕಾಶೈರ್‌ನ ಬೋಲ್ಟನ್, ಓಲ್ಡ್‌ಹ್ಯಾಮ್, ಬ್ಲ್ಯಾಕ್‌ಬರ್ನ್‌ಗಳೆಲ್ಲ ಹತ್ತಿ ಗಿರಣಿಯ ಊರುಗಳು. ಅಲ್ಲಿ 'ವೇಕ್ಸ್' ಅಂತ ಹಳೇ ಕಾಲದ ಊರಹಬ್ಬ ಇತ್ತು. ಮಾಲೀಕರು ಬೇಡವೆಂದರೂ ಆ ದಿನಗಳಲ್ಲಿ ಜನ ಕೆಲಸಕ್ಕೆ ಬರುತ್ತಿರಲಿಲ್ಲ. ಕೊನೆಗೆ ಗಿರಣಿಯನ್ನೇ ಮುಚ್ಚುವುದು ರೂಢಿಯಾಯಿತು. ಬಾಯ್ಲರ್ ತೊಳೆಯಲು, ಯಂತ್ರ ರಿಪೇರಿ ಮಾಡಲು ಮಾಲೀಕರಿಗೂ ಸಮಯ ಸಿಕ್ಕಿತು. ಆದರೆ ಆ ದಿನಗಳ ಕೂಲಿ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ.

ಅದಕ್ಕೇ ಹುಟ್ಟಿದ್ದು 'ಗೋಯಿಂಗ್ ಆಫ್ ಕ್ಲಬ್'. ನಮ್ಮ ಚೀಟಿಯ ಹಾಗೇ, ಆದರೆ ಇಲ್ಲಿ ಹರಾಜು ಇಲ್ಲ. ಗಿರಣಿಯಲ್ಲೋ ಚರ್ಚಿನಲ್ಲೋ ಪಬ್ಬಿನಲ್ಲೋ ವಾರಕ್ಕಿಷ್ಟು ಪೆನ್ನಿ ಕಟ್ಟುತ್ತಾ ಹೋಗುವುದು, ವೇಕ್ಸ್ ಹತ್ತಿರ ಬಂದಾಗ ಒಟ್ಟಿಗೆ ತೆಗೆದುಕೊಳ್ಳುವುದು. ಇದರಲ್ಲಿ ಹೆಣ್ಣುಮಕ್ಕಳ ದುಡಿಮೆಯನ್ನು ಮರೆಯಲೇಬಾರದು. ಲಂಕಾಶೈರ್‌ನ ನೇಯ್ಗೆ ಗಿರಣಿಗಳಲ್ಲಿ ನೇಯ್ದ ಬಟ್ಟೆಯ ಲೆಕ್ಕದಲ್ಲಿ ಕೊಡುವ ಕೂಲಿಯ ದರ ಹೆಂಗಸರಿಗೂ ಗಂಡಸರಿಗೂ ಒಂದೇ ಇತ್ತು. ಮನೆಗೆ ಎರಡು ಮೂರು ಕೂಲಿ ಬರುತ್ತಿದ್ದರಿಂದಲೇ ಉಳಿತಾಯ ಸಾಧ್ಯವಾಯಿತು.

ವಾರವಿಡೀ ಇರಲು ಆಗದವರು ಬೆಳಗ್ಗೆ ಅಗ್ಗದ ಎಕ್ಸ್‌ಕರ್ಷನ್ ರೈಲು ಹತ್ತಿ ರಾತ್ರಿ ವಾಪಸ್ ಬರುತ್ತಿದ್ದರು. ಬ್ಲ್ಯಾಕ್‌ಪೂಲ್‌ಗೆ ರೈಲು ಬಂದಿದ್ದು 1846ರಲ್ಲಿ. 1871ರ ಬ್ಯಾಂಕ್ ರಜೆ ಕಾನೂನಿನಿಂದ ಆಗಸ್ಟ್‌ನ ಮೊದಲ ಸೋಮವಾರವೂ ರಜೆಯ ಪಟ್ಟಿಗೆ ಸೇರಿತು. ಒಂದೊಂದು ಊರಿನ ವೇಕ್ಸ್ ಒಂದೊಂದು ವಾರ ಬರುತ್ತಿತ್ತು, ಹಾಗಾಗಿ ಬೇಸಿಗೆಯುದ್ದಕ್ಕೂ ಅಲ್ಲಿ ಜನಕ್ಕೆ ಬರವಿಲ್ಲ. ಇಡೀ ಬೀದಿಯವರು ಒಟ್ಟಿಗೆ ಹೊರಡುತ್ತಿದ್ದರು. ಪಕ್ಕದ ಮಗ್ಗದವಳೇ ಅಲ್ಲೂ ಪಕ್ಕದಲ್ಲಿ ಸಿಗುತ್ತಿದ್ದಳು!

ಉಳಿಯುವವರು ಎಷ್ಟೋ ಸಲ ತಿನ್ನುವ ಸಾಮಾನನ್ನು ತಾವೇ ತರುತ್ತಿದ್ದರು. ಲಾಡ್ಜಿಂಗ್ ಮನೆಯೊಡತಿ ಅದನ್ನು ಬೇಯಿಸಿ ಕೊಡುತ್ತಿದ್ದಳು.

ಅಲ್ಲಿ ನೋಡೋದಕ್ಕೇನು ಕಮ್ಮಿಯೇ? 1894ರಲ್ಲಿ ತೆರೆದ, 158 ಮೀಟರ್ ಎತ್ತರದ ಟವರ್ ಇತ್ತು. ಸೆಂಟ್ರಲ್ ಪಿಯರ್ ಅಂತ ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ಮೇಲೆ ಬಯಲಲ್ಲೇ ಕುಣಿತ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು 'ಗೋಲ್ಡನ್ ಮೈಲ್' ಅನ್ನುವ ಕಡಲ ಎದುರಿನ ಮೋಜಿನ ಅಂಗಡಿ ಸಾಲು ಹುಟ್ಟಿದ ಕಥೆ. 1897ರಲ್ಲಿ ನಗರಸಭೆ ಮರಳಿನ ಮೇಲಿದ್ದ ನಾಟಿ ವೈದ್ಯರು, ತಲೆಬುರುಡೆ ಮುಟ್ಟಿ ಗುಣ ಹೇಳುವವರು, ತಿರುಗಾಟದ ವ್ಯಾಪಾರಿಗಳನ್ನು ಎಬ್ಬಿಸಲು ಹೊರಟಿತು. ಅವರು ಸುಮ್ನೆ ಊರು ಬಿಡಲಿಲ್ಲ. ರಸ್ತೆ ದಾಟಿ, ಎದುರಿನ ಮನೆಗಳ ಅಂಗಳ ಬಾಡಿಗೆಗೆ ಹಿಡಿದು ಅಲ್ಲೇ ಅಂಗಡಿ ಹಾಕಿದರು. ದುಡಿಯುವ ಜನ ಮುಗಿಬಿದ್ದಿದ್ದು ಅಲ್ಲಿಗೇ.

ಸಂಬಳ ಸಹಿತ ರಜೆಯ ಕಾನೂನು ಬಂದಿದ್ದು 1938ರಲ್ಲಿ. ಮರುವರ್ಷವೇ ಎರಡನೇ ಮಹಾಯುದ್ಧ ಶುರುವಾಯಿತು. ಹೀಗಾಗಿ ಬಹಳ ಜನರಿಗೆ ಅದರ ಸುಖ ಸಿಕ್ಕಿದ್ದು ಯುದ್ಧ ಮುಗಿದ ಮೇಲೆಯೇ.