ಟೀ ರೂಮಿನ ಕಾರ್ಡಿಗೆ ಬೆನ್ನೇ ಸಾಕ್ಷಿ

ಹಳೆಯ ಪೋಸ್ಟ್‌ಕಾರ್ಡು ಕೈಗೆ ಬಂದರೆ ನಾನು ಮೊದಲು ಅದನ್ನು ಮಗುಚಿ ಇಡುತ್ತೇನೆ. ಕಳೆದ ತಿಂಗಳು ಬಂದಿದ್ದ ನಿವೃತ್ತ ಮೇಷ್ಟ್ರಿಗೆ ಇದು ವಿಚಿತ್ರವಾಗಿ ಕಂಡಿತು. “ಸಾರ್, ಚಿತ್ರ ಆ ಕಡೆ ಇದೆ” ಎಂದರು. ಅವರ ಮಗಳು ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಷೂ ಡಬ್ಬಿಯೊಂದರ ತುಂಬ ಟೀ ರೂಮುಗಳ ಕಾರ್ಡು ಕೊಂಡು ಅಪ್ಪನಿಗೆ ತಂದುಕೊಟ್ಟಿದ್ದಾಳೆ. ಎಷ್ಟು ಹಳೇದು, ಎಷ್ಟು ಬೆಲೆ ಬಾಳುತ್ತೆ ಅನ್ನುವುದು ಅವರ ಪ್ರಶ್ನೆ. ಬೆಲೆ ನನ್ನ ಕಸುಬಲ್ಲ, ನಾನು ಕಾಗದ ದುರಸ್ತಿ ಮಾಡುವವನು. ಆದರೆ ವಯಸ್ಸು ತಿಳಿಯದೆ ದುರಸ್ತಿಗೆ ಕೈ ಹಾಕುವ ಹಾಗಿಲ್ಲ. ಶಾಯಿಯಲ್ಲಿ ಅಚ್ಚಾದ ಕಾರ್ಡು ಒಂದಿಷ್ಟು ತೇವ ತಡೆದೀತು. ಜೆಲಟಿನ್ ಲೇಪದ ಅಸಲಿ ಫೋಟೊ ಕಾರ್ಡಾದರೆ ಮೇಲ್ಮೈ ಉಬ್ಬಿ, ಒತ್ತಿಟ್ಟ ಕಾಗದಕ್ಕೇ ಅಂಟಿಕೊಳ್ಳುತ್ತದೆ.

ಬ್ರಿಟನ್ನಿನಲ್ಲಿ 1902ರವರೆಗೆ ಕಾರ್ಡಿನ ಬೆನ್ನಿನ ಮೇಲೆ ವಿಳಾಸ ಬಿಟ್ಟು ಬೇರೇನೂ ಬರೆಯುವಂತಿರಲಿಲ್ಲ. ಸುದ್ದಿಯನ್ನೆಲ್ಲ ಚಿತ್ರದ ಅಂಚಿನಲ್ಲೇ ತುರುಕಬೇಕು. ಆ ವರ್ಷ ಬೆನ್ನಿನ ನಡುವೆ ಒಂದು ಗೆರೆ ಬಂತು: ಎಡಕ್ಕೆ ಸುದ್ದಿ, ಬಲಕ್ಕೆ ವಿಳಾಸ. ಅಮೆರಿಕದಲ್ಲಿ ಅದೇ ಗೆರೆಗೆ 1907ರವರೆಗೆ ಕಾಯಬೇಕಾಯಿತು. ಒಂದು ಗೆರೆ ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧವನ್ನು ಸ್ಟಾಂಪು ಹೇಳುತ್ತದೆ. ಬ್ರಿಟನ್ನಿನ ಒಳನಾಡಿಗೆ ಕಾರ್ಡು ಕಳಿಸಲು 1918ರ ಜೂನ್‌ವರೆಗೆ ಅರ್ಧ ಪೆನ್ನಿ ಸಾಕಿತ್ತು. ಆಮೇಲೆ ಒಂದು ಪೆನ್ನಿಯಾಯಿತು, 1921ರಲ್ಲಿ ಒಂದೂವರೆಗೆ ಏರಿತು, ಜನರ ಗೊಣಗಾಟದ ನಡುವೆ ಮರುವರ್ಷವೇ ಮತ್ತೆ ಒಂದಕ್ಕೆ ಇಳಿಯಿತು. ಮೇಷ್ಟ್ರ ಡಬ್ಬಿಯಲ್ಲಿ ಒಂದು ಕಾರ್ಡಿನ ಮೂಲೆಯ ಚೌಕದಲ್ಲಿ ‘ಹಾಫ್‌ಪೆನ್ನಿ’ ಎಂದು ಅಚ್ಚಾಗಿತ್ತು, ಅದರ ಮೇಲೆ ಅಂಟಿಸಿದ್ದು ಒಂದೂವರೆ ಪೆನ್ನಿಯ ಸ್ಟಾಂಪು. ಅಂದರೆ ಅಚ್ಚಾದದ್ದು 1918ಕ್ಕೆ ಮುಂಚೆ. ಯಾವುದೋ ಅಂಗಡಿಯ ಕಪಾಟಿನಲ್ಲಿ ಕೊಳೆತು, ಮೂರ್ನಾಲ್ಕು ವರ್ಷದ ಮೇಲೆ ಅಂಚೆಪೆಟ್ಟಿಗೆಗೆ ಬಿದ್ದಿದೆ. ಕಸುಬಿಗೆ ಹೊಸದಾಗಿ ಇಳಿದಾಗ ಇಂಥದ್ದೊಂದಕ್ಕೆ ನಾನು ಠಸ್ಸೆಯ ತಾರೀಖನ್ನೇ ಚಿತ್ರದ ತಾರೀಖೆಂದು ಬರೆದುಕೊಟ್ಟು, ಆಮೇಲೆ ಗಿರಾಕಿಯ ಮುಂದೆ ತಲೆ ತಗ್ಗಿಸಿದ್ದೇನೆ.

ಗ್ಲಾಸ್ಗೋದ ಕಾರ್ಡು ಎಂದಾಗ ಮಿಸ್ ಕ್ರಾನ್‌ಸ್ಟನ್‌ರನ್ನು ಬಿಟ್ಟು ಮುಂದೆ ಹೋಗಲಾಗದು. ಕೇಟ್ ಕ್ರಾನ್‌ಸ್ಟನ್ 1878ರಲ್ಲಿ ಆರ್ಗೈಲ್ ಸ್ಟ್ರೀಟಿನಲ್ಲಿ ಮೊದಲ ಟೀ ರೂಮು ತೆರೆದರು. ಚಹಾ ವ್ಯಾಪಾರಿ ಅಣ್ಣ ಸ್ಟುವರ್ಟ್ ಅದಕ್ಕೂ ಮೂರು ವರ್ಷ ಮುಂಚೆ ಶುರುಮಾಡಿದ್ದರು. ಪಾನನಿರೋಧದ ಗಾಳಿ ಬೀಸುತ್ತಿದ್ದ ಊರು ಅದು. ಹೆಂಡದ ವಾಸನೆಯಿಲ್ಲದ, ಹೆಂಗಸು ಒಬ್ಬಳೇ ಹೋಗಿ ಕೂತರೂ ಯಾರೂ ಮೂಗು ಮುರಿಯದ ಜಾಗ ಬೇಕಿತ್ತು. ಇದೇ ಕಾರಣಕ್ಕೆ ಮುಂದೆ ಲಂಡನ್ನಿನಲ್ಲಿ ಮತದ ಹಕ್ಕಿಗೆ ಹೋರಾಡಿದ ಹೆಂಗಸರೂ ಟೀ ರೂಮುಗಳಲ್ಲಿ ಸಭೆ ಸೇರಿದರು. ಕ್ರಾನ್‌ಸ್ಟನ್‌ರ ಸಾಹಸದ ತುದಿ 1903ರಲ್ಲಿ ಸಾಖಿಹಾಲ್ ಸ್ಟ್ರೀಟಿನಲ್ಲಿ ತೆರೆದ ವಿಲ್ಲೋ ಟೀ ರೂಮ್ಸ್. ಕಟ್ಟಡದ ಮುಖದಿಂದ ಕುರ್ಚಿಯವರೆಗೆ ಚಾರ್ಲ್ಸ್ ರೆನೀ ಮ್ಯಾಕಿಂತಾಶ್ ಅವರ ವಿನ್ಯಾಸ. ಕೆಳಗೆ ಹೆಂಗಸರ ಟೀ ಕೋಣೆ, ಎರಡನೇ ಮಹಡಿಯಲ್ಲಿ ಗಂಡಸರಿಗೆ ಬಿಲಿಯರ್ಡ್ಸ್ ಮತ್ತು ಸಿಗರೇಟು. ನಡುವಿನ ‘ರೂಮ್ ಡಿ ಲಕ್ಸ್’ನಲ್ಲಿ ಬೆಳ್ಳಿ ಬಣ್ಣದ ಎತ್ತರದ ಬೆನ್ನಿನ ಕುರ್ಚಿಗಳು, ನೇರಳೆ ಹೊದಿಕೆ, ಗೋಡೆಗೆ ಕನ್ನಡಿ ಗಾಜಿನ ಪಟ್ಟಿ, ಮ್ಯಾಕಿಂತಾಶ್ ಅವರ ಹೆಂಡತಿ ಮಾರ್ಗರೆಟ್ ಮ್ಯಾಕ್‌ಡೊನಾಲ್ಡ್ ಮಾಡಿದ ಉಬ್ಬುಫಲಕ.

ಈ ನೇರಳೆ, ಈ ಬೆಳ್ಳಿ ಆ ಕಾಲದ ಕಪ್ಪು-ಬಿಳುಪು ಫೋಟೊದಲ್ಲಿ ಬರೀ ಬೂದಿ. ಬಣ್ಣದ ಕಾರ್ಡು ಸಿಕ್ಕರೆ ಇನ್ನೂ ಅಪಾಯ. ಫೋಟೊ ತೆಗೆದದ್ದು ಕಪ್ಪು-ಬಿಳುಪಿನಲ್ಲಿ. ಬಣ್ಣ ಸೇರಿದ್ದು ಅಚ್ಚುಕೂಟದಲ್ಲಿ. 1914ರ ಯುದ್ಧಕ್ಕೆ ಮುಂಚೆ ಎಷ್ಟೋ ಬ್ರಿಟಿಷ್ ಕಾರ್ಡುಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಆ ಕೋಣೆಯನ್ನು ಕಣ್ಣಾರೆ ಕಾಣದ ಕೆಲಸಗಾರ, ಯಾವುದಕ್ಕೆ ಯಾವ ಬಣ್ಣ ಎಂದು ಬರೆದ ಚೀಟಿ ಓದಿ ಗೋಡೆಗೆ ಹಸಿರು ಹಚ್ಚುತ್ತಿದ್ದ, ಚೀಟಿ ಇಲ್ಲದಿದ್ದರೆ ತನಗೆ ತೋಚಿದ್ದು ಹಚ್ಚುತ್ತಿದ್ದ. ಹಳೆ ಹೋಟೆಲು ಮರುಕಟ್ಟುವವರು ಇಂಥ ಕಾರ್ಡು ಹಿಡಿದು ಬಣ್ಣದಂಗಡಿಗೆ ಹೊರಟರೆ ನಾನು ಬಾಗಿಲಲ್ಲೇ ತಡೆಯುತ್ತೇನೆ.

“ಒಬ್ಬರೂ ಕಾಣಲ್ವಲ್ಲ, ವ್ಯಾಪಾರ ಇರ್ಲಿಲ್ವೇ?” ಎಂದರು ಮೇಷ್ಟ್ರು. ಒಳ್ಳೆಯ ಪ್ರಶ್ನೆ. ಕಿಟಕಿಯ ಬೆಳಕಲ್ಲಿ ಒಳಾಂಗಣದ ಫೋಟೊಗೆ ಹಲವು ಸೆಕೆಂಡು ಬೇಕು. ಕೈ ಅಲ್ಲಾಡಿಸಿದವರು ಮಂಜಾಗುತ್ತಾರೆ. ಮಾಲೀಕರಿಗೂ ಬೇಕಿದ್ದದ್ದು ಜನವಲ್ಲ, ಇಸ್ತ್ರಿ ಹಾಕಿದ ಮೇಜುಬಟ್ಟೆ. ಇವು ಜಾಹೀರಾತಿನ ಕಾರ್ಡುಗಳು. ಬಾಗಿಲು ತೆರೆಯುವ ಮುಂಚೆ ಎಲ್ಲ ಒಪ್ಪವಾಗಿ ಜೋಡಿಸಿ ತೆಗೆದ ಚಿತ್ರ ನೋಡಿ, ‘ಆಗ ಎಷ್ಟು ಪ್ರಶಾಂತವಾಗಿತ್ತು’ ಎಂದು ನಿಟ್ಟುಸಿರು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಊಟದ ಹೊತ್ತಿನ ಗದ್ದಲ ಚಿತ್ರದ ಹೊರಗಿದೆ, ಅಷ್ಟೆ.

ಡಬ್ಬಿಯ ತಳದಲ್ಲಿ ಅಮೆರಿಕದ ನಾಲ್ಕೈದು ಕಾರ್ಡುಗಳಿದ್ದವು. ಅಲ್ಲಿ ಪಾನನಿಷೇಧ ಮತ್ತು ಮೋಟಾರು ಕಾರು ಎರಡೂ ಸೇರಿ, 1920ರ ದಶಕದಲ್ಲಿ ಹೆದ್ದಾರಿಯ ಬದಿಗೆ ಹೆಂಗಸರು ನಡೆಸುವ ಟೀ ರೂಮುಗಳನ್ನು ಬೆಳೆಸಿದವು. ಬೆರಳಿಗೆ ನೇಯ್ದ ಬಟ್ಟೆಯಂತೆ ತಾಕುವ ‘ಲಿನೆನ್’ ಕಾರ್ಡಾದರೆ 1930ರ ಈಚಿನದು. ಶಿಕಾಗೋದ ಕರ್ಟ್ ಟೈಕ್ ಕಂಪನಿಯದಾದರೆ ಇನ್ನೂ ಸುಲಭ: ಕಾರ್ಡಿನ ಮೇಲೆ ಅಚ್ಚಾದ ಸಂಖ್ಯೆಯ ಶುರುವಿಗೆ 5ಎ ಇದ್ದರೆ 1935, 3ಬಿ ಇದ್ದರೆ 1943. ಆದರೆ ಅವರ ಕಲಾವಿದರು ವಿದ್ಯುತ್ ತಂತಿ ಅಳಿಸುವುದರಲ್ಲೂ ಆಕಾಶ ತಿದ್ದುವುದರಲ್ಲೂ ನಿಸ್ಸೀಮರು.

ಇನ್ನು ಭೂತಗನ್ನಡಿ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಸಾಕು. ಸಾಲಾಗಿ ಚುಕ್ಕಿ ಕಂಡರೆ ಹಾಫ್‌ಟೋನ್ ಅಚ್ಚು. ಹುಳು ಹರಿದಂಥ ಸುಕ್ಕು ಸುಕ್ಕು ಕಣಗಳಾದರೆ ಕೊಲೊಟೈಪ್ ಎಂಬ ಇನ್ನೊಂದು ಬಗೆಯ ಅಚ್ಚು. ಚುಕ್ಕಿಯೂ ಕಣವೂ ಇಲ್ಲದೆ ನುಣ್ಣಗಿದ್ದು, ಓರೆಯಾಗಿ ಹಿಡಿದಾಗ ಕಪ್ಪು ಜಾಗದಲ್ಲಿ ಬೆಳ್ಳಿಯ ಹೊಳಪು ಮಿಂಚಿದರೆ ಅಸಲಿ ಫೋಟೊ. ಅದನ್ನು ನೀರಿನಿಂದ ದೂರವಿಡಿ. ಯಾವುದಕ್ಕೂ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ, ಪಿವಿಸಿ ಆಲ್ಬಮ್ಮಂತೂ ಬೇಡವೇ ಬೇಡ. ಪಾಲಿಯೆಸ್ಟರ್ ಕವರಿಗೆ ಹಾಕಿ, ಆಮ್ಲರಹಿತ ಡಬ್ಬಿಯಲ್ಲಿ ನಿಲ್ಲಿಸಿ, ಅಡುಗೆಮನೆಯ ಗೋಡೆಗೆ ತಾಗದ ಬೀರುವಿನಲ್ಲಿಡಿ.

ಮೇಷ್ಟ್ರು ಕೊನೆಗೆ ಆ ಹಾಫ್‌ಪೆನ್ನಿ ಕಾರ್ಡನ್ನೇ ಮುಂದೆ ತಳ್ಳಿದರು. ಚಿತ್ರದಲ್ಲಿ ಕಿಟಕಿ ಪಕ್ಕದ ಕುರ್ಚಿಯ ಮೇಲೆ ಶಾಯಿಯಲ್ಲಿ ಒಂದು ಗುಣಾಕಾರ ಚಿಹ್ನೆ. “ಅಂಚು ಹರಿದದ್ದು ಸರಿಮಾಡಿ, ಈ ಕಲೆಯನ್ನೂ ತೆಗೆದುಬಿಡಿ.” ನಾನು ಕಾರ್ಡು ಮಗುಚಿ, ಬೆನ್ನಿನ ಮೇಲಿದ್ದ ಒಂದೇ ಸಾಲನ್ನು ಓದಿ ಹೇಳಿದೆ: ಗುರುತು ಹಾಕಿದ ಕಡೆ ನಾವು ಕೂತಿದ್ದೆವು, ಕೇಕು ಚೆನ್ನಾಗಿತ್ತು. ನಮ್ಮ ಕಡೆಯ ‘ಉಭಯ ಕುಶಲೋಪರಿ ಸಾಂಪ್ರತ’ದಷ್ಟು ಪೀಠಿಕೆಯೂ ಇಲ್ಲ.

ಮೇಷ್ಟ್ರು ಕನ್ನಡಕ ಏರಿಸಿ ಆ ಕುರ್ಚಿಯನ್ನು ಸ್ವಲ್ಪ ಹೊತ್ತು ನೋಡಿದರು. “ಹಾಗಾದ್ರೆ ಅಂಚು ಮಾತ್ರ ಮಾಡಿ” ಎಂದರು.